ದುಡ್ಡು ಬರೋದಕ್ಕೆ ಪಿನ್ ಯಾಕೆ? ಹಳೇ ಸಾಮಾನು ಆನ್‌ಲೈನಲ್ಲಿ ಮಾರುವವರಿಗೆ ಬೀಳುವ ಟೋಪಿಗಳು

ಮನೆ ಬದಲಿಸಿದಾಗ ನಮ್ಮ ಹಳೇ ದಿವಾನ್ ಕಾಟ್ ಹೊಸ ಮನೆಯ ಮೆಟ್ಟಿಲು ಹತ್ತಲಿಲ್ಲ. ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಗೋಡೆಯ ಬಣ್ಣವನ್ನೂ ಕಿತ್ತಿತು. ಮಾರಿಬಿಡೋಣ ಅಂತ ನಾಲ್ಕು ಫೋಟೊ ತೆಗೆದು, ಹಳೇ ಸಾಮಾನು ಮಾರುವ ಆ್ಯಪ್ ಒಂದರಲ್ಲಿ 6,500 ರೂಪಾಯಿಗೆ ಹಾಕಿದೆ. ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು.

ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ತಾನು ಸೇನೆಯವನು, ಮೈಸೂರಿಗೆ ವರ್ಗ ಆಗಿದೆ, ಕ್ವಾರ್ಟರ್ಸ್‌ಗೆ ಮಂಚ ಬೇಕು ಅಂದ. ಮರ ಯಾವುದು ಅಂತ ಕೇಳಲಿಲ್ಲ. ಅಳತೆ ಕೇಳಲಿಲ್ಲ. ನೂರು ರೂಪಾಯಿ ಕಮ್ಮಿ ಮಾಡಿ ಅಂತಲೂ ಅನ್ನಲಿಲ್ಲ. ನಮ್ಮೂರಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುತ್ತೇವೆ. ಬಳಸಿದ ಮಂಚವನ್ನು ನೋಡದೆ, ಹೇಳಿದ ರೇಟಿಗೆ ಕೊಳ್ಳುವವನು ಯಾರು? ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಂಚ ಹೋದರೆ ಸಾಕಾಗಿತ್ತು.

ವಾಟ್ಸಾಪ್‌ನಲ್ಲಿ ಗುರುತಿನ ಚೀಟಿ ಬಂತು, ಕ್ಯಾಂಟೀನ್ ಕಾರ್ಡ್ ಬಂತು, ಸಮವಸ್ತ್ರದ ಫೋಟೊ ಬಂತು. ಆಮೇಲೆ ‘ಅಕೌಂಟ್ಸ್ ಸಾಹೇಬರು’ ಅಂತ ಇನ್ನೊಬ್ಬ ಲೈನಿಗೆ ಬಂದ. ‘ನಮ್ಮಲ್ಲಿ ಪೇಮೆಂಟ್ ವ್ಯವಸ್ಥೆ ಬೇರೆ ಥರ ಸಾರ್. ನೀವು 5 ರೂಪಾಯಿ ಕಳಿಸಿ, 10 ವಾಪಸ್ ಬರುತ್ತೆ. ಖಾತೆ ಸರಿ ಇದೆಯಾ ಅಂತ ಚೆಕ್ ಮಾಡೋಕೆ’ ಅಂದ. ಕಳಿಸಿದೆ. ಹತ್ತು ಬಂತು! ಮರುಕ್ಷಣ ಒಂದು ಕ್ಯೂಆರ್ ಕೋಡ್ ಬಂತು. ಸ್ಕ್ಯಾನ್ ಮಾಡಿದರೆ 6,500 ತೋರಿಸಿತು. ‘ಪಿನ್ ಹಾಕಿ ಸಾರ್, ಹಣ ಬರುತ್ತೆ.’

ಎರಡು ಅಂಕಿ ಒತ್ತಿದ್ದೆ. ಆಗ ಗ್ಯಾಸ್ ಸಿಲಿಂಡರ್‌ನವರು ಬೆಲ್ ಮಾಡಿದರು. ಸಿಲಿಂಡರ್ ಒಳಗಿಳಿಸಿ, ಖಾಲಿಯದನ್ನು ಕೊಟ್ಟು ಬರುವಷ್ಟರಲ್ಲಿ ಫೋನಿನಲ್ಲಿ ಪಿನ್ ಕೇಳುವ ಪುಟ ಮುಚ್ಚಿಹೋಗಿತ್ತು. ಮತ್ತೆ ಸ್ಕ್ಯಾನ್ ಮಾಡಿ ಈ ಸಲ ಓದಿದೆ. ಅಲ್ಲಿ ಇದ್ದದ್ದು ‘ಪೇ’ ಅಂತ. ಅಂದರೆ ಕೊಡು ಅಂತ. ನನ್ನನ್ನು ಉಳಿಸಿದ್ದು ಬುದ್ಧಿ ಅಲ್ಲ, ಸಿಲಿಂಡರ್. ಲೆಕ್ಕ ಹಾಕಿದರೆ ಆ ವ್ಯವಹಾರದಲ್ಲಿ ನನಗೇ 5 ರೂಪಾಯಿ ಲಾಭ.

ಎಲ್ಲರಿಗೂ ಆ ಹೊತ್ತಿಗೆ ಸಿಲಿಂಡರ್ ಬರುವುದಿಲ್ಲ. ಹಾಗಾಗಿ ಈ ಮೋಸ ಒಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಬುಡದಿಂದ ನೋಡೋಣ.

ಹುಂಡಿಗೆ ಹಾಕೋಕೆ ಬೀಗದ ಕೈ ಬೇಡ

ನಾವು ದಿನಾ ಬಳಸುವ ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ಎಲ್ಲದರ ಹಿಂದೆ ಇರುವುದು ಯುಪಿಐ ಅನ್ನುವ ಒಂದೇ ವ್ಯವಸ್ಥೆ. 2016ರಲ್ಲಿ ಶುರುವಾಯಿತು. ನಡೆಸುವುದು ಎನ್‌ಪಿಸಿಐ ಅನ್ನುವ ಸಂಸ್ಥೆ. ಆ್ಯಪ್ ಬರೀ ಬಾಗಿಲು ಇದ್ದ ಹಾಗೆ. ಹಣ ಓಡಾಡುವುದು ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದು ಬ್ಯಾಂಕ್ ಖಾತೆಗೆ.

ಇದರಲ್ಲಿ ನಮಗೆ ಸಂಬಂಧಪಟ್ಟದ್ದು ಎರಡೇ. ಒಂದು ಯುಪಿಐ ಐಡಿ ಅಥವಾ ಅದಕ್ಕೆ ಜೋಡಿಸಿದ ಫೋನ್ ನಂಬರ್. ಅದು ವಿಳಾಸ. ಇನ್ನೊಂದು ಪಿನ್, 4 ಅಥವಾ 6 ಅಂಕಿಯದ್ದು. ಅದು ಬೀಗದ ಕೈ.

ದೇವಸ್ಥಾನದ ಹುಂಡಿ ನೋಡಿದ್ದೀರಲ್ವಾ? ಅದಕ್ಕೆ ಯಾರು ಬೇಕಾದರೂ ದುಡ್ಡು ಹಾಕಬಹುದು. ಹಾಕುವಾಗ ಅರ್ಚಕರು ಬಂದು ಬೀಗ ತೆಗೆಯಬೇಕಿಲ್ಲ. ಟ್ರಸ್ಟಿನವರ ಸಹಿ ಬೇಕಿಲ್ಲ. ಬೀಗದ ಕೈ ಬೇಕಾಗುವುದು ಒಳಗಿನ ದುಡ್ಡು ಹೊರಗೆ ತೆಗೆಯುವಾಗ ಮಾತ್ರ. ನಿಮ್ಮ ಖಾತೆಯೂ ಹಾಗೇ. ಯಾರಾದರೂ ನಿಮಗೆ ಹಣ ಕಳಿಸುತ್ತಿದ್ದರೆ ನಿಮ್ಮ ಕಡೆಯಿಂದ ಏನೂ ಆಗಬೇಕಿಲ್ಲ. ಸ್ಕ್ಯಾನ್ ಬೇಡ, ಒತ್ತೋದು ಬೇಡ, ಓಟಿಪಿ ಬೇಡ. ನೀವು ನಿದ್ದೆ ಮಾಡುತ್ತಿದ್ದರೂ ಬರುತ್ತದೆ, ಫೋನ್ ಆಫ್ ಆಗಿದ್ದರೂ ಬರುತ್ತದೆ.

ಪಿನ್ ಇನ್ನೂ ಒಂದು ಕಡೆ ಬೇಕಾಗುತ್ತದೆ, ಬ್ಯಾಲೆನ್ಸ್ ನೋಡುವಾಗ. ಅದನ್ನೇ ನೆಪ ಮಾಡಿಕೊಂಡು ‘ಬ್ಯಾಲೆನ್ಸ್ ಚೆಕ್ ಅಷ್ಟೇ’ ಅನ್ನುವವರೂ ಇದ್ದಾರೆ. ಆದರೆ ಬ್ಯಾಲೆನ್ಸ್ ನೋಡುವ ಪುಟದಲ್ಲಿ ಬೇರೆಯವರ ಹೆಸರೂ ಇರುವುದಿಲ್ಲ, ಮೊತ್ತವೂ ಇರುವುದಿಲ್ಲ. ಹೆಸರು, ಮೊತ್ತ ಎರಡೂ ಕಾಣಿಸಿ ಕೆಳಗೆ ಪಿನ್ ಕೇಳುತ್ತಿದೆ ಅಂದರೆ ದುಡ್ಡು ನಿಮ್ಮಿಂದ ಹೋಗುತ್ತಿದೆ.

ಆ ಚೌಕದ ಒಳಗೆ ಏನಿದೆ

ಕ್ಯೂಆರ್ ಕೋಡ್ ನೋಡಿದರೆ ಏನೋ ಮಾಯೆ ಇದ್ದ ಹಾಗೆ ಕಾಣುತ್ತದೆ. ಅದು ಬರೀ ಒಂದು ಸಾಲು ಬರಹ, ಕ್ಯಾಮೆರಾ ಓದುವ ಅಕ್ಷರಗಳಲ್ಲಿ. ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಅಂಟಿಸಿರುವ ಯುಪಿಐ ಕ್ಯೂಆರ್ ಬಿಡಿಸಿ ಓದಿದರೆ ಸಿಗುವುದು ಇಷ್ಟು: ಮೊದಲು ‘ಯುಪಿಐ’, ಆಮೇಲೆ ‘ಪೇ’ ಅನ್ನುವ ಪದ, ಆಮೇಲೆ ಹಣ ಯಾರಿಗೆ ಹೋಗಬೇಕೋ ಅವರ ಐಡಿ, ಅವರ ಹೆಸರು. ಬೇಕಿದ್ದರೆ ಮೊತ್ತ, ಒಂದು ಸಣ್ಣ ಟಿಪ್ಪಣಿ. ‘ಪೇ’ ಅನ್ನೋದು ಆ ಬರಹದೊಳಗೇ ಕೂತಿದೆ.

ಮೋಸಗಾರ ಕಳಿಸುವುದೂ ಇದೇ ಕ್ಯೂಆರ್. ವ್ಯತ್ಯಾಸ ಏನಪ್ಪಾ ಅಂದರೆ, ಮೊತ್ತವನ್ನು ಮೊದಲೇ ತುಂಬಿರುತ್ತಾನೆ. ಟಿಪ್ಪಣಿಯ ಜಾಗದಲ್ಲಿ ‘6,500 ನಿಮ್ಮ ಖಾತೆಗೆ ಜಮಾ ಆಗುತ್ತದೆ’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಆ ಟಿಪ್ಪಣಿ ಬರೆದದ್ದು ಬ್ಯಾಂಕ್ ಅಲ್ಲ, ಅವನೇ. ಅಲ್ಲಿ ‘ಮಂಗಳಾರತಿ’ ಅಂತ ಬರೆದರೂ ಹಾಗೇ ಕಾಣಿಸುತ್ತದೆ.

ಮುಂಚೆ ಕ್ಯೂಆರ್ ಇಲ್ಲದೆಯೂ ಒಂದು ದಾರಿ ಇತ್ತು. ‘ನನಗೆ ಇಷ್ಟು ಕೊಡಿ’ ಅಂತ ಯಾರು ಬೇಕಾದರೂ ನಿಮ್ಮ ಆ್ಯಪ್‌ಗೆ ಕೋರಿಕೆ ಕಳಿಸಬಹುದಿತ್ತು. ಒಪ್ಪಿ ಪಿನ್ ಹಾಕಿದರೆ ದುಡ್ಡು ಹೋಗುತ್ತಿತ್ತು. ಇದರ ದುರ್ಬಳಕೆ ಎಷ್ಟಾಯಿತೆಂದರೆ, ಮೊದಲು ಮೊತ್ತಕ್ಕೆ ಮಿತಿ ಹಾಕಿದರು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳಿಸುವುದನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿ ಅಂತ ಎನ್‌ಪಿಸಿಐ ಬ್ಯಾಂಕುಗಳಿಗೆ ಹೇಳಿತು. ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಅನ್ನು ಮುಚ್ಚುವ ಹಾಗಿಲ್ಲ, ಅದಿಲ್ಲದೆ ಈಗ ಟೀ ಅಂಗಡಿಯೂ ನಡೆಯುವುದಿಲ್ಲ.

ಐದು ಕೊಟ್ಟರೆ ಹತ್ತು ಯಾಕೆ ಬರುತ್ತದೆ

ಆ 10 ರೂಪಾಯಿ ಅವನ ಬಂಡವಾಳ. ಅದರಿಂದ ನಿಮ್ಮ ಬೆರಳಿಗೆ ಒಂದು ಅಭ್ಯಾಸ ಮಾಡಿಸುತ್ತಾನೆ. ನಾನು ಪಿನ್ ಒತ್ತಿದೆ, ನನಗೆ ದುಡ್ಡು ಬಂತು. ನಿಜದಲ್ಲಿ ನಡೆದದ್ದು ಎರಡು ಬೇರೆ ಬೇರೆ ವ್ಯವಹಾರ. ನಾನು 5 ಕಳಿಸಿದ್ದು ಒಂದು. ಅವನು ಕೂತಲ್ಲಿಂದ 10 ಕಳಿಸಿದ್ದು ಇನ್ನೊಂದು. ಒಂದರ ಬೆನ್ನಿಗೇ ಒಂದು ಆದಾಗ ತಲೆ ಎರಡನ್ನೂ ಗಂಟು ಹಾಕಿಬಿಡುತ್ತದೆ. ಸಂತೆಯಲ್ಲಿ ಮೂರೆಲೆ ಆಟ ಆಡಿಸುವವನು ಮೊದಲ ಆಟ ಸುಮ್ನೆ ಸೋಲುತ್ತಾನಲ್ಲ, ಅದೇ ವಿದ್ಯೆ.

ಮೊದಲ ಸಲ ದುಡ್ಡು ಹೋದ ಮೇಲೆಯೂ ಆಟ ಮುಗಿಯುವುದಿಲ್ಲ. ‘ಅಯ್ಯೋ, ತಪ್ಪು ಕೋಡ್ ಬಂದುಬಿಟ್ಟಿದೆ, ಇದು ರೀಫಂಡಿನ ಕೋಡ್’ ಅಂತ ಎರಡನೆಯದು ಕಳಿಸುತ್ತಾನೆ. ಕಳೆದುಕೊಂಡ ಗಾಬರಿಯಲ್ಲಿ ಜನ ಅದನ್ನೂ ಸ್ಕ್ಯಾನ್ ಮಾಡುತ್ತಾರೆ. ಹೀಗೆ ಸೋಫಾ ಮಾರಲು ಹೋಗಿ ಎರಡು ಕಂತಿನಲ್ಲಿ ಒಟ್ಟು 34,000 ರೂಪಾಯಿ ಹೋದ ಸುದ್ದಿ 2021ರ ಫೆಬ್ರವರಿಯಲ್ಲಿ ದೆಹಲಿಯಿಂದ ಬಂದಿತ್ತು. ಕಳೆದುಕೊಂಡದ್ದು ದೇಶಕ್ಕೆಲ್ಲ ಗೊತ್ತಿರುವ ರಾಜಕಾರಣಿಯೊಬ್ಬರ ಮನೆಯವರು. ಓದು ಬರಹ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆ ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಸೈನಿಕನ ವೇಷ ಯಾಕೆ? ಅದರಿಂದ ಒಂದೇ ಏಟಿಗೆ ಮೂರು ಅನುಕೂಲ. ಸೈನಿಕ ಅಂದರೆ ನಮಗೆ ಗೌರವ, ಅನುಮಾನಿಸಲು ನಾಚಿಕೆ ಆಗುತ್ತದೆ. ಡ್ಯೂಟಿ ಬಿಟ್ಟು ಬರೋಕಾಗಲ್ಲ ಅಂದರೆ, ಸಾಮಾನು ನೋಡಲು ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಮುಗಿಯಿತು. ವರ್ಗ ಆಗಿದೆ ಅಂದರೆ ಅವಸರಕ್ಕೂ ಕಾರಣ ಸಿಕ್ಕಿತು. ಗುರುತಿನ ಚೀಟಿಯ ಫೋಟೊ ಏನನ್ನೂ ಸಾಬೀತು ಮಾಡುವುದಿಲ್ಲ. ಎಷ್ಟೋ ಸಲ ಅದು ಹಿಂದೆ ಮೋಸ ಹೋದ ಇನ್ನೊಬ್ಬರದ್ದು. ‘ಗೇಟ್ ಪಾಸ್‌ಗೆ ಬೇಕು’ ಅಂತ ನಿಮ್ಮ ಆಧಾರ್ ಕೇಳಿದರೆ ಕೊಡಬೇಡಿ ಅನ್ನುವುದು ಇದಕ್ಕೇ. ನಾಳೆ ನಿಮ್ಮ ಫೋಟೊ, ನಿಮ್ಮ ವಿಳಾಸ ಹಿಡಿದುಕೊಂಡು ಅವನು ಇನ್ನೊಬ್ಬರ ಹತ್ತಿರ ಹೋಗುತ್ತಾನೆ. ಫೋನ್ ಬಂದಾಗ ಟ್ರೂಕಾಲರ್‌ನಲ್ಲಿ ಹೆಸರಿನ ಮುಂದೆ ‘ಆರ್ಮಿ’ ಅಂತ ಬರುವುದಕ್ಕೂ ಬೆಲೆ ಇಲ್ಲ. ಆ ಹೆಸರನ್ನು ಜನರೇ ತುಂಬುತ್ತಾರೆ, ಅವನೂ ತುಂಬಬಹುದು.

ಇದು ಒಬ್ಬಿಬ್ಬರು ಪುಂಡರ ಕೆಲಸವೂ ಅಲ್ಲ. 2023ರ ಏಪ್ರಿಲ್ ಕೊನೆಯಲ್ಲಿ ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ 14 ಹಳ್ಳಿಗಳ ಮೇಲೆ ಒಂದೇ ರಾತ್ರಿ ದಾಳಿ ಮಾಡಿದಾಗ, ಅದಕ್ಕೆ ಸಾವಿರಗಟ್ಟಲೆ ಸಿಬ್ಬಂದಿ ಬೇಕಾಯಿತು. ಸಿಮ್ ತರುವವರು, ಖಾತೆ ಒದಗಿಸುವವರು, ಮಾತಾಡುವವರು ಅಂತ ಕೆಲಸ ಹಂಚಿಕೊಂಡು ನಡೆಸುವ ದಂಧೆ ಇದು.

ಬಂದ ಹಾಗೆ ಕಾಣುವ ದುಡ್ಡು

ಎರಡನೇ ಬಗೆಯಲ್ಲಿ ಪಿನ್ ಕೇಳುವುದೇ ಇಲ್ಲ. ಕೊಳ್ಳುವವನು ಮನೆಗೇ ಬರುತ್ತಾನೆ. ನಿಮ್ಮ ಕಣ್ಣೆದುರೇ ಫೋನ್ ತೆಗೆದು ಹಸಿರು ಟಿಕ್ ಮಾರ್ಕ್ ತೋರಿಸುತ್ತಾನೆ. ಮಿಕ್ಸಿ ಎತ್ತಿಕೊಂಡು ಹೋಗುತ್ತಾನೆ. ದುಡ್ಡು ಮಾತ್ರ ಬಂದಿರುವುದಿಲ್ಲ.

ಸ್ಕ್ರೀನ್‌ಶಾಟ್ ತಿದ್ದುವುದು ಮಕ್ಕಳಾಟ. ಪೇಮೆಂಟ್ ಆ್ಯಪ್‌ನ ಹಾಗೇ ಕಾಣುವ, ಹೆಸರು ಮತ್ತು ಮೊತ್ತ ಹಾಕಿದರೆ ‘ಯಶಸ್ವಿ’ ಅಂತ ತೋರಿಸಿ ಟಿಣ್ ಅನ್ನುವ ನಕಲಿ ಆ್ಯಪ್‌ಗಳೂ ಇವೆ. ಎಸ್ಸೆಮ್ಮೆಸ್ ಕಥೆಯೂ ಅದೇ. ‘ನಿಮ್ಮ ಖಾತೆಗೆ 25,000 ಜಮಾ ಆಗಿದೆ’ ಅಂತ ಬ್ಯಾಂಕಿನ ಭಾಷೆಯಲ್ಲೇ ಮೆಸೇಜ್ ಬರುತ್ತದೆ. ಬೆನ್ನಿಗೇ ಫೋನ್. ‘ಸಾರ್, 2,500 ಕಳಿಸೋ ಬದಲು ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ. ಆಸ್ಪತ್ರೆಗೆ ಕಟ್ಟಬೇಕಿದ್ದ ದುಡ್ಡು. ಉಳಿದಿದ್ದು ಬೇಗ ವಾಪಸ್ ಹಾಕಿ.’ ಒಳ್ಳೆಯವರು ಇದಕ್ಕೆ ಬೇಗ ಬೀಳುತ್ತಾರೆ. ಬೇರೆಯವರ ದುಡ್ಡು ಅನ್ನೋ ಸಂಕಟಕ್ಕೆ 22,500 ಹಾಕಿಬಿಡುತ್ತಾರೆ. ನಿಜದಲ್ಲಿ ಬಂದದ್ದು ಸೊನ್ನೆ.

ಬ್ಯಾಂಕಿನ ಅಸಲಿ ಎಸ್ಸೆಮ್ಮೆಸ್ ಬರುವುದು ಬ್ಯಾಂಕಿನ ಹೆಸರನ್ನು ಚಿಕ್ಕದು ಮಾಡಿದ ಇಂಗ್ಲಿಷ್ ಅಕ್ಷರಗಳ ಕೋಡಿನಿಂದ. ಹತ್ತಂಕಿಯ ಮೊಬೈಲ್ ನಂಬರಿನಿಂದ ಜಮಾ ಮೆಸೇಜ್ ಬಂದರೆ ಅದು ಸುಳ್ಳು. ಆದರೆ ಅದನ್ನೆಲ್ಲ ಪರೀಕ್ಷಿಸುತ್ತಾ ಕೂರುವುದಕ್ಕಿಂತ ಸುಲಭದ ದಾರಿ ಇದೆ. ಮೆಸೇಜನ್ನೇ ನಂಬದೆ, ನಿಮ್ಮ ಆ್ಯಪ್ ತೆರೆದು ನಿಮ್ಮ ಬ್ಯಾಲೆನ್ಸ್ ನೋಡಿ. ಅವನ ಫೋನಿನಲ್ಲಿ ಏನು ಕಾಣುತ್ತದೆ ಅನ್ನೋದು ನಿಮಗೆ ಬೇಡದ ವಿಷಯ. 12 ಅಂಕಿಯ ಯುಟಿಆರ್ ನಂಬರ್, ಅಂದರೆ ವ್ಯವಹಾರದ ಗುರುತಿನ ಸಂಖ್ಯೆ, ಹೇಳಿದ ಅಂತಲೂ ನಂಬಬೇಡಿ. ಬಾಯಿಗೆ ಬಂದ 12 ಅಂಕಿ ಯಾರು ಬೇಕಾದರೂ ಹೇಳಬಹುದು.

‘ಬ್ಯಾಂಕ್ ಟೈಮ್ ಮುಗಿದಿದೆ, ಎನ್‌ಇಎಫ್‌ಟಿ ಮಾಡಿದ್ದೀನಿ, ಸೋಮವಾರ ಬರುತ್ತೆ’ ಅನ್ನುವ ಮಾತು ಈಗ ಹಳಸಲು. ಎನ್‌ಇಎಫ್‌ಟಿ ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಇನ್ನೊಂದು ದಾರಿ. 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿ ಹಗಲು ರಾತ್ರಿ, ಭಾನುವಾರ ಹಬ್ಬ ಅನ್ನದೆ ನಡೆಯುತ್ತಿದೆ. ಅರ್ಧ ಗಂಟೆಗೊಮ್ಮೆ ಹಣ ಸಾಗುತ್ತದೆ. ಯುಪಿಐನಲ್ಲಂತೂ ಸಾಮಾನ್ಯವಾಗಿ ಸೆಕೆಂಡುಗಳ ಮಾತು. ಸರ್ವರ್ ನಿಜವಾಗಿಯೇ ಕೈಕೊಟ್ಟಿದ್ದರೆ ಸಾಮಾನು ಇನ್ನೊಂದು ದಿನ ನಿಮ್ಮ ಮನೆಯಲ್ಲೇ ಇರಲಿ, ಅದೇನು ಅನ್ನ ಕೇಳುತ್ತದೆಯೇ?

ಚೆಕ್ಕಿನದು ಇನ್ನೊಂದು ಥರ. ಚೆಕ್ ಹಾಕಿದ್ದಕ್ಕೆ ಚಲನ್ ಸಿಕ್ಕಿತು ಅಂದರೆ ದುಡ್ಡು ಬಂತು ಅಂತಲ್ಲ, ಅದು ಪಾಸಾಗಬೇಕು. ಅಮೆರಿಕದಲ್ಲಿರುವ ನಮ್ಮವರು ಮನೆ ಖಾಲಿ ಮಾಡುವಾಗ ಇದರಲ್ಲೇ ಸಿಕ್ಕಿಬೀಳುತ್ತಾರೆ. ಅಲ್ಲಿ ಕೆಲವೊಮ್ಮೆ ಚೆಕ್ ಪಾಸಾಗುವ ಮೊದಲೇ ಬ್ಯಾಂಕು ಹಣವನ್ನು ಖಾತೆಯಲ್ಲಿ ತೋರಿಸಿ, ಬಳಸಲೂ ಬಿಡುತ್ತದೆ. ಕೊಂಡವನು ಬೆಲೆಗಿಂತ ಜಾಸ್ತಿ ಮೊತ್ತದ ಚೆಕ್ ಕೊಟ್ಟು, ಉಳಿದದ್ದನ್ನು ಸಾಗಣೆಯವರಿಗೆ ಕೊಡಿ ಅನ್ನುತ್ತಾನೆ. ವಾರದ ಮೇಲೆ ಚೆಕ್ ನಕಲಿ ಅಂತ ವಾಪಸಾದಾಗ ಕೊಟ್ಟ ದುಡ್ಡೂ ಇಲ್ಲ, ಸೋಫಾವೂ ಇಲ್ಲ.

ಮೂವರ ಆಟ

ನನಗೆ ಅತ್ಯಂತ ಚಾಲಾಕಿನದು ಅನ್ನಿಸಿದ್ದು ಇದು. ಸ್ಕೂಟರು, ಕಾರುಗಳಲ್ಲಿ ಜಾಸ್ತಿ. ಇದರಲ್ಲಿ ಮಾರುವವರೂ ನಿಜ, ಕೊಳ್ಳುವವರೂ ನಿಜ. ಮೋಸಗಾರ ಇಬ್ಬರ ಮುಖವನ್ನೂ ನೋಡುವುದಿಲ್ಲ.

ನೀವು ಸ್ಕೂಟರನ್ನು 60,000ಕ್ಕೆ ಮಾರಲು ಹಾಕಿದ್ದೀರಿ ಅನ್ನಿ. ಅವನು ಫೋನ್ ಮಾಡಿ ‘ನನಗೆ ಒಪ್ಪಿಗೆ, ಬೇರೆಯವರಿಗೆ ಕೊಡಬೇಡಿ’ ಅನ್ನುತ್ತಾನೆ. ನಿಮ್ಮ ಫೋಟೊಗಳನ್ನೇ ಎತ್ತಿ, ತನ್ನದು ಅಂತ ಇನ್ನೊಂದು ಕಡೆ 40,000ಕ್ಕೆ ಹಾಕುತ್ತಾನೆ. ಅಗ್ಗಕ್ಕೆ ಸಿಕ್ಕಿತು ಅಂತ ಒಬ್ಬರು ಅವನಿಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುತ್ತಾನೆ: ‘ಗಾಡಿ ನನ್ನ ಭಾವನ ಮನೆಯಲ್ಲಿದೆ, ಹೋಗಿ ನೋಡಿ. ಅವನ ಹತ್ತಿರ ರೇಟ್ ಮಾತ್ರ ಎತ್ತಬೇಡಿ, ನಮ್ಮ ಮನೆಯೊಳಗಿನ ವಿಷಯ.’ ನಿಮಗೆ ಹೇಳುತ್ತಾನೆ: ‘ನಮ್ಮ ಹುಡುಗ ಗಾಡಿ ನೋಡೋಕೆ ಬರ್ತಾನೆ. ಅವನಿಗೆ ನಾನು ಸ್ವಲ್ಪ ದುಡ್ಡು ಕೊಡಬೇಕಿದೆ, ಅದರಲ್ಲಿ ಹೊಂದಿಸ್ತಾ ಇದೀನಿ. ಅವನ ಮುಂದೆ ರೇಟ್ ಮಾತಾಡಬೇಡಿ.’

ಮದುವೆ ದಲ್ಲಾಳಿ ಹುಡುಗನ ಮನೆಗೊಂದು, ಹುಡುಗಿಯ ಮನೆಗೊಂದು ಸಂಬಳ ಹೇಳಿ, ‘ಸಂಬಳದ ಮಾತು ಮಾತ್ರ ಎತ್ತಬೇಡಿ’ ಅಂತ ಇಬ್ಬರ ಬಾಯಿಗೂ ಬೀಗ ಹಾಕಿದ ಹಾಗೆ.

ಆ ಮನುಷ್ಯ ಬರುತ್ತಾರೆ, ಗಾಡಿ ನೋಡುತ್ತಾರೆ, ಓಡಿಸುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ. ನಿಮ್ಮ ಗೇಟಿನ ಮುಂದೆ ನಿಂತೇ 40,000ವನ್ನು ಮೋಸಗಾರನಿಗೆ ಹಾಕುತ್ತಾರೆ. ಬೀಗದ ಕೈ ಕೇಳುತ್ತಾರೆ. ನೀವು ದುಡ್ಡು ಎಲ್ಲಿ ಅನ್ನುತ್ತೀರಿ. ಕೊಟ್ಟೆನಲ್ಲ ಅನ್ನುತ್ತಾರೆ. ಆ ಕಡೆ ಫೋನ್ ಸ್ವಿಚ್ ಆಫ್. ಇಬ್ಬರು ಪ್ರಾಮಾಣಿಕರು ಒಬ್ಬರನ್ನೊಬ್ಬರು ಕಳ್ಳ ಅಂದುಕೊಂಡು ಠಾಣೆಗೆ ಹೋಗುತ್ತಾರೆ.

ಇದನ್ನು ಒಡೆಯಲು ಒಂದೇ ಪ್ರಶ್ನೆ ಸಾಕು. ಗಾಡಿ ನೋಡಲು ಬಂದವರನ್ನು ಕೂರಿಸಿ, ನೀರು ಕೊಟ್ಟು, ‘ನಿಮಗೆ ಎಷ್ಟು ಅಂತ ಹೇಳಿದಾರೆ?’ ಅಂತ ಕೇಳಿ. ರೇಟ್ ಮಾತಾಡಬೇಡಿ ಅಂತ ಯಾರಾದರೂ ಹೇಳಿದ್ದರೆ, ಮೊದಲು ಮಾತಾಡಬೇಕಾದದ್ದೇ ಅದನ್ನು.

ದುಡ್ಡು ನಿಜವಾಗಿ ಬಂದರೂ

ಇದು ಕಮ್ಮಿ ಜನಕ್ಕೆ ಗೊತ್ತಿರುವ ತೊಂದರೆ. ನೀವು ಫೋನ್ ಮಾರಿದಿರಿ. 18,000 ಬಂತು, ಬ್ಯಾಲೆನ್ಸ್‌ನಲ್ಲೂ ಕಂಡಿತು. ಫೋನ್ ಕೊಟ್ಟಿರಿ. ಹದಿನೈದು ದಿನದ ಮೇಲೆ ಹಾಲಿನ ಬೂತಿನಲ್ಲಿ ಪೇಮೆಂಟ್ ಹೋಗುವುದಿಲ್ಲ. ಬ್ಯಾಂಕಿಗೆ ಹೋದರೆ ‘ಖಾತೆ ಫ್ರೀಜ್ ಆಗಿದೆ, ಯಾವುದೋ ರಾಜ್ಯದ ಸೈಬರ್ ಠಾಣೆಯಿಂದ ಬಂದಿದೆ’ ಅನ್ನುತ್ತಾರೆ.

ಆಗಿರುವುದೇನು? ಕೊಂಡವನು ತನ್ನ ದುಡ್ಡು ಕೊಟ್ಟಿಲ್ಲ. ಬೇರೆ ಯಾರನ್ನೋ ವಂಚಿಸಿ, ಅವರಿಂದ ನೇರವಾಗಿ ನಿಮ್ಮ ಖಾತೆಗೆ ಹಾಕಿಸಿದ್ದಾನೆ. ಕದ್ದ ದುಡ್ಡನ್ನು ನಿಮ್ಮ ಫೋನಾಗಿ ಬದಲಾಯಿಸಿಕೊಂಡು ಹೋಗಿದ್ದಾನೆ. ದುಡ್ಡು ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರು ದುಡ್ಡಿನ ಜಾಡು ಹಿಡಿದು ಬರುತ್ತಾರೆ. ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಕಳವಾದ ಹಂಡೆಯನ್ನು ಗೊತ್ತಿಲ್ಲದೆ ಕೊಂಡವರ ಮನೆಯಿಂದಲೂ ಪೊಲೀಸರು ಎತ್ತಿಕೊಂಡು ಹೋಗುತ್ತಾರಲ್ಲ, ಹಾಗೆ. ಕೆಲವೊಮ್ಮೆ ಆ ಮೊತ್ತಕ್ಕೆ ಮಾತ್ರ ತಡೆ ಬೀಳುತ್ತದೆ, ಬ್ಯಾಂಕಿನವರು ಅದಕ್ಕೆ ‘ಲೀನ್’ ಅನ್ನುತ್ತಾರೆ. ಕೆಲವೊಮ್ಮೆ ಇಡೀ ಖಾತೆಯೇ ನಿಲ್ಲುತ್ತದೆ.

ಹಾಗಾಗಿ ಹಣ ಬಂದಾಗ ಮೊತ್ತದ ಜೊತೆ ಹೆಸರನ್ನೂ ನೋಡಿ. ಎದುರಿಗಿರುವವರು ಒಬ್ಬರು, ಹಣ ಹಾಕಿದವರ ಹೆಸರು ಇನ್ನೊಂದು ಆಗಿದ್ದರೆ ಸಾಮಾನು ಕೊಡುವ ಮೊದಲು ಕೇಳಿ. ಹೆಂಡತಿಯ ಖಾತೆ ಇರಬಹುದು, ಇರಲಿ. ಅವರಿಗೆ ಒಂದು ಫೋನ್ ಮಾಡಿಸಿ. ಒಂದು ಬಿಳಿ ಹಾಳೆಯಲ್ಲಿ ‘ಇಂಥ ವಸ್ತು, ಇಂಥ ದಿನ, ಇಷ್ಟಕ್ಕೆ ಮಾರಿದೆ’ ಅಂತ ಬರೆದು ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಡಿ. ಫೋನಾದರೆ ಅದರ ಗುರುತಿನ ಸಂಖ್ಯೆಯಾದ ಐಎಂಇಐ ನಂಬರನ್ನೂ ಬರೆಯಿರಿ. ಮಾತುಕತೆಯ ಚಾಟ್ ಅಳಿಸಬೇಡಿ. ಮುಂದೆ ಖಾತೆ ಬಿಡಿಸಲು ಪೊಲೀಸರಿಗೆ ತೋರಿಸಬೇಕಾದದ್ದು ಇದನ್ನೇ.

ಗಾಡಿ ಮಾರಿದರೆ ಕಾಗದ ನಿಮ್ಮ ತಲೆ ಮೇಲೆ

ಟೆಸ್ಟ್ ಡ್ರೈವ್ ಅಂತ ಹೋದ ಬೈಕ್ ವಾಪಸ್ ಬಾರದ ಕಥೆ ನೀವೂ ಕೇಳಿರುತ್ತೀರಿ. ಹಿಂದೆ ನೀವೋ ಮನೆಯವರೋ ಕೂರಬೇಕು, ಅಷ್ಟೇ.

ದೊಡ್ಡ ತಲೆನೋವು ಆರ್‌ಸಿಯದು. ದುಡ್ಡು ಬಂತು, ಗಾಡಿ ಹೋಯಿತು, ಆರ್‌ಸಿಯಲ್ಲಿ ನಿಮ್ಮ ಹೆಸರು ಹಾಗೇ ಉಳಿಯಿತು. ಆ ಗಾಡಿಯಿಂದ ಅಪಘಾತ ಆದರೆ? ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆದರೂ ಹೊಣೆ ಬಂದದ್ದು ದಾಖಲೆಯಲ್ಲಿದ್ದ ಮೊದಲಿನವರ ಮೇಲೆ. ಗಾಡಿಯ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಂಡವರ ಕೈಗೆ ಕೊಟ್ಟು ಮರೆತರೆ ಆಗುವುದು ಇದೇ. ಮಾರಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ ಅಂತ ಕಾನೂನಿದೆ. ಬೇರೆ ರಾಜ್ಯದವರಿಗೆ ಮಾರಿದ್ದರೆ 45 ದಿನ. ನಗದು ಕೊಡುತ್ತೇನೆ ಅಂದರೆ ಇನ್ನೊಂದು ಲೆಕ್ಕ ಇದೆ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಲಿಂಕು, ಆ್ಯಪು, ಆರು ಅಂಕಿ

ಉಳಿದವನ್ನು ಬೇಗ ಹೇಳುತ್ತೇನೆ, ಎಲ್ಲದರ ಬೇರು ಒಂದೇ. ‘ಕೊರಿಯರ್‌ನವರು ಬರ್ತಾರೆ, ಅವರ ಆ್ಯಪ್ ಹಾಕಿಕೊಳ್ಳಿ’ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸಿದರೆ ಒತ್ತಬೇಡಿ. ಅದು ನಿಮ್ಮ ಎಸ್ಸೆಮ್ಮೆಸ್‌ಗಳನ್ನೆಲ್ಲ ಅವನಿಗೆ ಓದಿಸುತ್ತದೆ. ‘ನಾನೇ ತೋರಿಸಿಕೊಡ್ತೀನಿ’ ಅಂತ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ, ನಿಮ್ಮ ಹೆಗಲ ಮೇಲಿಂದ ಅವನು ಇಣುಕುತ್ತಿದ್ದಾನೆ ಅಂತಲೇ ಅರ್ಥ. ‘ನೀವು ಅಸಲಿ ಅಂತ ಗೊತ್ತಾಗಬೇಕು, ಒಂದು ಕೋಡ್ ಕಳಿಸ್ತೀನಿ, ಹೇಳಿ’ ಅಂದರೆ ಆ ಆರು ಅಂಕಿ ನಿಮ್ಮದೇ ವಾಟ್ಸಾಪ್‌ ಖಾತೆಯದ್ದಿರಬಹುದು. ಹೇಳಿದ ಮರುಕ್ಷಣ ನಿಮ್ಮ ವಾಟ್ಸಾಪ್ ಅವನ ಫೋನಿನಲ್ಲಿ ತೆರೆಯುತ್ತದೆ. ಆಮೇಲೆ ನಿಮ್ಮ ಅತ್ತೆಗೂ ಆಫೀಸಿನವರಿಗೂ ‘ಅರ್ಜೆಂಟ್, ಹತ್ತು ಸಾವಿರ ಹಾಕಿ’ ಅಂತ ಹೋಗುತ್ತದೆ.

ದುಡ್ಡು ಹೋದ ಮೇಲಿನ ಮೊದಲ ಗಂಟೆ

ಮೊದಲು 1930ಕ್ಕೆ ಫೋನ್ ಮಾಡಿ. ನೆಂಟರಿಗೆ ಆಮೇಲೆ. 1930 ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನುವ ಸರ್ಕಾರಿ ಜಾಲತಾಣದಲ್ಲೂ ದೂರು ಕೊಡಬಹುದು.

ಅಷ್ಟು ಅವಸರ ಯಾಕೆ ಅಂದರೆ, ಕದ್ದ ದುಡ್ಡು ಒಂದು ಕಡೆ ನಿಲ್ಲುವುದಿಲ್ಲ. ನಿಮ್ಮ ಖಾತೆಯಿಂದ ಬಾಡಿಗೆ ಖಾತೆಯೊಂದಕ್ಕೆ, ಅಲ್ಲಿಂದ ಮೂರು ನಾಲ್ಕು ಖಾತೆಗಳಿಗೆ ಒಡೆದು, ಕೊನೆಗೆ ಯಾವುದೋ ಊರಿನ ಎಟಿಎಂನಿಂದ ನಗದಾಗಿ ಹೊರಬೀಳುತ್ತದೆ. 1930ರಲ್ಲಿ ದೂರು ದಾಖಲಾದ ಕೂಡಲೇ ಅದು ಆ ಬ್ಯಾಂಕಿಗೆ ಹೋಗುತ್ತದೆ. ದುಡ್ಡು ಅಲ್ಲೇ ಇದ್ದರೆ ತಡೆ ಹಾಕುತ್ತಾರೆ. ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ತಿಳಿಸುತ್ತಾರೆ. ಒಡೆದ ಕಾಲುವೆಯ ನೀರಿನ ಹಿಂದೆ ಓಡಿದ ಹಾಗೆ. ಬೇಗ ಮಣ್ಣು ಹಾಕಿದಷ್ಟೂ ನೀರು ಉಳಿಯುತ್ತದೆ.

ಫೋನ್ ಮಾಡುವಾಗ ನಿಮ್ಮ ಬ್ಯಾಂಕಿನ ಹೆಸರು, ವ್ಯವಹಾರದ ಯುಟಿಆರ್ ನಂಬರ್, ಮೊತ್ತ, ಸಮಯ, ಅವನ ಫೋನ್ ನಂಬರ್ ಕೈಯಲ್ಲಿರಲಿ. ಆಮೇಲೆ ಬ್ಯಾಂಕಿಗೂ ತಿಳಿಸಿ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಗಳಿವೆ. ಅದು ದೂರ ಇದ್ದರೆ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ನೀವೇ ಪಿನ್ ಹಾಕಿದ್ದರಿಂದ ಬ್ಯಾಂಕು ದುಡ್ಡು ತುಂಬಿಕೊಡುವ ಆಸೆ ಇಟ್ಟುಕೊಳ್ಳಬೇಡಿ, ತಡೆದದ್ದು ವಾಪಸ್ ಬಂದರೆ ಅದೇ ಸಿಕ್ಕಿದ್ದು. ‘ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಫೀಸ್ ಕಟ್ಟಿ’ ಅಂತ ಫೋನ್ ಮಾಡುವವರು ಬರುತ್ತಾರೆ. ಅವರೂ ಅದೇ ಗುಂಪಿನವರು.

ಅಂದ ಹಾಗೆ, ನಮ್ಮ ಮಂಚ ಕೊನೆಗೆ ಹೋಯಿತು. ಎರಡು ಬೀದಿ ಆಚೆಯವರು, ಗಂಡ ಹೆಂಡತಿ ಇಬ್ಬರೂ ಬಂದರು. ಆಕೆ ಕಾಲುಗಳನ್ನು ತಟ್ಟಿ ನೋಡಿದರು. ಗೆದ್ದಲು ಇದೆಯಾ ಅಂತ ಕೇಳಿದರು. ಟೇಪು ಹಿಡಿದು ಅಳೆದರು. 4,000ಕ್ಕೆ ಕೇಳಿ 5,200ಕ್ಕೆ ಒಪ್ಪಿದರು. ನಾನು ಫೋನಿನಲ್ಲಿ ಬ್ಯಾಲೆನ್ಸ್ ನೋಡುವ ತನಕ ಬಾಗಿಲಲ್ಲೇ ನಿಂತಿದ್ದರು, ಬೇಜಾರು ಮಾಡಿಕೊಳ್ಳಲಿಲ್ಲ. ಗೂಡ್ಸ್ ಆಟೋಗೆ ಹಗ್ಗ ಬಿಗಿದ ಮೇಲೆ ಆತ ವಾಪಸ್ ಬಂದು, ‘ಹಾಸಿಗೆ ಸುಮ್ನೆ ಕೊಡ್ತೀರಾ?’ ಅಂದರು. ಕೊಟ್ಟೆ.